ಪಾಪಮ್ಮನ ಅಂಗಡಿಯ ಕೆಂಪು ಚುಕ್ಕೆ

ಕುರುಬರಹಳ್ಳಿ
11 ನವೆಂಬರ್ 2024

ಪೂಜ್ಯ ಚನ್ನವೀರಪ್ಪ ಸಾರ್ ಅವರಿಗೆ ಚೈತ್ರಳ ನಮಸ್ಕಾರಗಳು.

ಫೋನ್ ಮಾಡಿದರೆ ನೀವು ಎರಡು ಸಲ ಹಲೋ ಎಂದು ಕೂಗಿ ಇಟ್ಟುಬಿಡುತ್ತೀರಿ. ಇಪ್ಪತ್ತೆರಡು ವರ್ಷ ಗ್ರೈಂಡರ್‌ಗಳ ನಡುವೆ ನಿಂತ ಕಿವಿಗಳನ್ನು ಬೈದು ಪ್ರಯೋಜನವಿಲ್ಲ, ಅದಕ್ಕೇ ಈ ಕಾಗದ. ನಮ್ಮ ಡ್ರೈವರ್ ಜಂಬಣ್ಣನ ಮನೆ ಕೆಂಗೇರಿಯಲ್ಲೇ ಇರುವುದರಿಂದ ಅಂಚೆಯ ಕೆಲಸವೂ ಅವರದೇ.

ನೀವು ನಿವೃತ್ತಿಯಾದ ಮೇಲೆ ಕಂಪನಿ ಬೆಳೆದಿದೆ. ದೋಸೆ ಹಿಟ್ಟು ಈಗ ಇನ್ನೂರ ನಲವತ್ತು ಅಂಗಡಿಗಳಿಗೆ ಹೋಗುತ್ತಿದೆ. ಯಾವ ಅಂಗಡಿಗೆ ಎಷ್ಟು ಪ್ಯಾಕೆಟ್ ಹೋಯಿತು, ಎಷ್ಟು ಉಬ್ಬಿ ವಾಪಸು ಬಂತು ಎಂಬುದೆಲ್ಲ ಒಂದೇ ಪರದೆಯ ಮೇಲೆ ಚಿತ್ರವಾಗಿ ಕಾಣಬೇಕು ಎಂದು ಈಗ ಮಾಲೀಕರ ಕುರ್ಚಿಯಲ್ಲಿರುವ ಕಾಂತರಾಜು ಸಾರ್ ಹಟ ಹಿಡಿದಿದ್ದಾರೆ. ಅಂಥ ಸಾಫ್ಟ್‌ವೇರ್ ಮಾರುವವರು ಬೇಕಾದಷ್ಟಿದ್ದಾರೆ. ಆರಿಸುವ ಕೆಲಸ ನನ್ನ ತಲೆಗೆ ಬಂದಿದೆ. "ನೀನು ಹೇಳಿದ್ದೇ ಫೈನಲ್ ಕಣಮ್ಮ" ಎಂದು ಹೇಳಿ, ದಿನಕ್ಕೆ ಮೂರು ಸಲ ಬಂದು ಏನಾಯಿತು ಎಂದು ಕೇಳುತ್ತಾರೆ.

ಮೂರು ಕಂಪನಿಯವರು ಬಂದು ಡೆಮೊ ಕೊಟ್ಟು ಹೋದರು. ಒಬ್ಬರಿಗಿಂತ ಒಬ್ಬರದು ಚೆಂದ. ಬಣ್ಣದ ಚಕ್ರಗಳು, ಏರುವ ಗೆರೆಗಳು, ಮುಟ್ಟಿದರೆ ಅರಳುವ ನಕ್ಷೆಗಳು. ಆದರೆ ಮೂವರೂ ತೋರಿಸಿದ್ದು ಯಾವುದೋ ದೇಶದ ಸೈಕಲ್ ವ್ಯಾಪಾರದ ಲೆಕ್ಕ. ಸೈಕಲ್ ಉಬ್ಬುವುದಿಲ್ಲ, ಹುಳಿಯಾಗುವುದಿಲ್ಲ. ನಾನು ತಲೆಯಾಡಿಸಿ ಕೂತಿದ್ದೆ, ಒಳಗೆ ಏನೂ ತಿಳಿಯಲಿಲ್ಲ.

ಹಿಟ್ಟಿನ ಪಾತ್ರೆಗೆ ಬೆರಳದ್ದಿ, ಇದು ಮಧ್ಯಾಹ್ನದೊಳಗೆ ವಿಜಯನಗರ ದಾಟಬೇಕು ಎಂದು ಹೇಳುತ್ತಿದ್ದವರು ನೀವು. ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿಲ್ಲ. ಸಾಫ್ಟ್‌ವೇರಿಗೆ ಹೇಗೆ ಬೆರಳದ್ದುವುದು, ಹೇಳಿಕೊಡಿ.

ನಿಮ್ಮ ಶಿಷ್ಯೆ,
ಚೈತ್ರ


ಕೆಂಗೇರಿ ಉಪನಗರ
17 ನವೆಂಬರ್ 2024

ಚಿರಂಜೀವಿ ಚೈತ್ರಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮನೆಯವಳು, ಯಾರೋ ಪ್ರೇಮಪತ್ರ ಬರೆದಂತಿದೆ ಎಂದು ರೇಗಿಸಿದಳು. ಕಿವಿ ಕೇಳದಿದ್ದರೂ ಅವಳ ಇಂಥ ಮಾತುಗಳು ಮಾತ್ರ ಸರಿಯಾಗಿ ಕೇಳಿಸುತ್ತವೆ.

ನನಗೆ ಕಂಪ್ಯೂಟರ್ ಗೊತ್ತಿಲ್ಲ, ಗಂಡು ನೋಡುವುದು ಗೊತ್ತು. ಮೂವರು ತಂಗಿಯರ ಮದುವೆ ಮಾಡಿದವನು ನಾನು. ಹೆಣ್ಣು ನೋಡಲು ಬರುವ ದಿನ ಎಲ್ಲರೂ ಇಸ್ತ್ರಿ ಷರ್ಟು ಹಾಕಿಕೊಂಡೇ ಬರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಿಳಿಯಬೇಕಾದರೆ ಹೇಳದೆ ಕೇಳದೆ ಅವರ ಮನೆಗೆ ಹೋಗಿ ನೋಡಬೇಕು.

ಅವರ ಸೈಕಲ್ ಲೆಕ್ಕ ಅವರಿಗೇ ಇರಲಿ. ನಮ್ಮ ಅತ್ಯಂತ ಕೆಟ್ಟ ವಾರದ ಲೆಕ್ಕ ಕೊಡು. ಕಳೆದ ಮೇ ತಿಂಗಳಲ್ಲಿ ಕೋಲ್ಡ್ ರೂಮ್ ಕೆಟ್ಟು, ಪ್ಯಾಕೆಟ್‌ಗಳು ಬಲೂನಾಗಿ ವಾಪಸು ಬಂದವಲ್ಲ, ಆ ವಾರ. ಮೂವರಿಗೂ ಅದನ್ನೇ ಕೊಟ್ಟು, ಏನು ಕಾಣುತ್ತದೆ ತೋರಿಸಿ ಎನ್ನು. ಎರಡನೆಯದು, ಏಸಿ ಕೋಣೆಯಲ್ಲಿ ಕೂತು ನೋಡಬೇಡ. ಗಾಡಿಗಳು ವಾಪಸು ಬರುವ ಹೊತ್ತಿಗೆ ಲೋಡಿಂಗ್ ಜಾಗದಲ್ಲಿ ಇಡು. ಜಂಬಣ್ಣನ ಕೈಗೆ ಕೊಡು. ಅವನಿಗೆ ಅರ್ಥವಾಗದ ಚಿತ್ರ ಯಾರಿಗೆ ಬೇಕಾಗಿದೆ?

ಹಳೆಯ ರಿಟರ್ನ್ ಚೀಟಿಗಳು ಬೇಕಾದರೆ ಗ್ರೈಂಡರ್ ರೂಮಿನ ಅಟ್ಟದ ಮೇಲೆ ವರ್ಷವರ್ಷಕ್ಕೆ ಕಟ್ಟಿಟ್ಟಿದ್ದೇನೆ. 2011ರ ಕಟ್ಟನ್ನು ಮಾತ್ರ ಮುಟ್ಟಬೇಡ. ಅದನ್ನು ಇಲಿ ತಿಂದಿದೆ.

ನಿನ್ನ ಮೇಲೆ ಭಾರ ಹೊರಿಸಿದ ಕಾಂತರಾಜು ಜಾಣ. ಐದು ವರ್ಷದ ಹಿಂದೆ ನೀನು ಸ್ಟೋರಿಗೆ ಬಂದ ಮೊದಲ ದಿನವೇ ಉದ್ದಿನ ಮೂಟೆ ಒಂದು ಕಮ್ಮಿ ಇದೆ ಎಂದು ನನ್ನನ್ನೇ ನಿಲ್ಲಿಸಿ ಕೇಳಿದ್ದೆ. ಅವತ್ತು ಸಿಟ್ಟು ಬಂದಿತ್ತು. ಸಂಜೆ ಎಣಿಸಿ ನೋಡಿದರೆ ನೀನು ಹೇಳಿದ್ದೇ ನಿಜ. ಇದನ್ನು ಇಷ್ಟು ದಿನ ನಿನಗೆ ಹೇಳಿರಲಿಲ್ಲ.

ಇತಿ,
ಚನ್ನವೀರಪ್ಪ


ಕುರುಬರಹಳ್ಳಿ
23 ಡಿಸೆಂಬರ್ 2024

ಪೂಜ್ಯ ಸಾರ್ ಅವರಿಗೆ ನಮಸ್ಕಾರಗಳು.

ನಿಮ್ಮ ಉಪಾಯ ಫಲಿಸಿತು, ಆದರೆ ಅದರಿಂದ ಒಂದು ಕಷ್ಟವೂ ಹುಟ್ಟಿದೆ. ಮೊದಲು ಫಲಿಸಿದ್ದನ್ನು ಹೇಳುತ್ತೇನೆ.

ಕೆಟ್ಟ ವಾರದ ಲೆಕ್ಕವನ್ನು ಮೂವರಿಗೂ ಕೊಟ್ಟೆ. ಅದರ ಜೊತೆಗೆ ಮೂರು ವರ್ಷದಿಂದ ನಾನು ಕಂಪ್ಯೂಟರಿಗೆ ಹಾಕಿದ ರಿಟರ್ನ್ ಚೀಟಿಗಳು, ಒಂದೊಂದರ ಫೋಟೋ ಸಮೇತ. ಮೊದಲನೆಯವರು ಅದನ್ನು ಕಂಡು, ಇಷ್ಟು ಗಲೀಜು ಲೆಕ್ಕ ಶುದ್ಧವಾಗಲು ಎರಡು ತಿಂಗಳು ಬೇಕು ಎಂದರು. ಅವರಿಗೆ ಕಾಫಿ ಕುಡಿಸಿ ಕಳಿಸಿದೆ.

ಎರಡನೆಯವರು ವಾರದೊಳಗೆ ಬಂದರು. ಕುರುಬರಹಳ್ಳಿಯಿಂದ ಬಸವೇಶ್ವರನಗರ, ವಿಜಯನಗರ, ನಾಗರಬಾವಿಯವರೆಗೆ ನಮ್ಮ ಅಂಗಡಿಗಳೆಲ್ಲ ನಕ್ಷೆಯ ಮೇಲೆ ಚುಕ್ಕೆಗಳಾಗಿ ಹೊಳೆದವು. ಚೆನ್ನಾಗಿ ಮಾರುವವು ಹಸಿರು, ವಾಪಸು ಜಾಸ್ತಿ ಇರುವವು ಕೆಂಪು. ಸಾರ್, ಸುಳ್ಳು ಹೇಳುವುದಿಲ್ಲ, ನಾನೂ ಚಪ್ಪಾಳೆ ತಟ್ಟಿದೆ. ಅಷ್ಟು ಚೆನ್ನಾಗಿತ್ತು.

ಆ ನಕ್ಷೆಯಲ್ಲಿ ನಾಗರಬಾವಿಯ ಕೊನೆಯಲ್ಲಿ ಒಂದೇ ಒಂದು ಚುಕ್ಕೆ ಕಡುಗೆಂಪಾಗಿತ್ತು. ಅದು ಪಾಪಮ್ಮನ ಅಂಗಡಿ. ಕಾಂತರಾಜು ಸಾರ್ ಎದ್ದು ನಿಂತು, ಇಷ್ಟು ವರ್ಷ ಕಣ್ಣಿಗೆ ಕಾಣದ್ದು ಐದು ನಿಮಿಷದಲ್ಲಿ ಕಂಡಿತು ಎಂದರು. ಯುಗಾದಿಯಿಂದ ಆ ಅಂಗಡಿಗೆ ಗಾಡಿ ನಿಲ್ಲಿಸುವುದು ಎಂದೂ ಅಲ್ಲೇ ತೀರ್ಮಾನ ಮಾಡಿದರು. ಪಾಪಮ್ಮನಿಗೆ ತಿಳಿಸುವ ಕಾಗದ ನಾನು ಬರೆಯಬೇಕಂತೆ.

ಆ ಅಂಗಡಿ ನಿಮಗೆ ಗೊತ್ತು. ಸುತ್ತ ಬಾಡಿಗೆ ರೂಮಿನ ಕಾಲೇಜು ಮಕ್ಕಳು. ಬೆಳಿಗ್ಗೆ ನಮ್ಮ ಹಿಟ್ಟಿಗೆ ಬರುವವರೇ ಅವರ ಗಿರಾಕಿಗಳು. ಹಿಟ್ಟು ನಿಂತರೆ ಆ ಮಕ್ಕಳು ಮುಂದಿನ ಅಂಗಡಿಗೆ ಹೋಗುತ್ತಾರೆ, ಸೊಪ್ಪು ತೆಂಗಿನಕಾಯಿಯನ್ನೂ ಅಲ್ಲೇ ಕೊಳ್ಳುತ್ತಾರೆ. ಅರವತ್ತು ದಾಟಿದ ಹೆಂಗಸು ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ.

ಮೂರನೆಯವರ ಕಡೆಯಿಂದ ಬಂದವಳು ಮಾಲವಿಕಾ ಎಂಬ ಹುಡುಗಿ. ಅವಳ ಪರದೆ ಸಪ್ಪೆ. ಬಣ್ಣ ಕಮ್ಮಿ, ಸಾದಾ ಪಟ್ಟಿಗಳು. ಆದರೆ ಅವಳು ಲೋಡಿಂಗ್ ಜಾಗದಲ್ಲಿ ಕ್ರೇಟ್ ಮೇಲೆ ಕೂತು ಜಂಬಣ್ಣನಿಗೆ ಹೇಳಿದಳು, "ಅಣ್ಣ, ನೀವು ಯಾವ ಅಂಕಿ ಬೇಕಾದ್ರೂ ಒತ್ತಿ. ಅದು ಯಾವ ಚೀಟಿಯಿಂದ ಬಂತೋ ಆ ಚೀಟಿನೇ ಬರುತ್ತೆ." ಜಂಬಣ್ಣ ಒತ್ತಿದರು. ಅವರದೇ ಕೈಬರಹದ ಚೀಟಿ ಬಂತು. ಪಕ್ಕದಲ್ಲಿ ಯಾರು ಬೇಕಾದರೂ ಒಂದು ಮಾತು ಬರೆದಿಡಲು ಜಾಗ. ಜಂಬಣ್ಣ ನಾಚಿಕೊಂಡು ನಕ್ಕರು.

ಅವರು ಹೋದ ಮೇಲೆ ನಾನು ಪಾಪಮ್ಮನ ಅಂಕಿ ಒತ್ತಿದೆ. ಆ ಕೆಟ್ಟ ವಾರ ನಾವು ಆ ಅಂಗಡಿಗೆ ಇಳಿಸಿದ್ದು ನೂರ ಇಪ್ಪತ್ತು ಪ್ಯಾಕೆಟ್. ವಾಪಸು ಬಂದದ್ದು ನೂರ ಎಂಬತ್ತು. ಇಳಿಸಿದ್ದಕ್ಕಿಂತ ಹೆಚ್ಚು ವಾಪಸು ಬರುವುದು ಹೇಗೆ ಸಾರ್? ಕಾಂತರಾಜು ಸಾರ್‌ಗೆ ಹೇಳಿದರೆ, ನೀನೇ ಟೈಪ್ ಮಾಡುವಾಗ ತಪ್ಪಿರುತ್ತೀಯ ಎಂದರು. ನಾನು ತಪ್ಪಿಲ್ಲ. ನಿಮಗೇನಾದರೂ ಗೊತ್ತೆ?

ನಿಮ್ಮ,
ಚೈತ್ರ


ಕೆಂಗೇರಿ ಉಪನಗರ
2 ಜನವರಿ 2025

ಚೈತ್ರಳಿಗೆ ಆಶೀರ್ವಾದ.

ನೀನು ತಪ್ಪಿಲ್ಲ. ತಪ್ಪಿದವನು ನಾನು.

ಪಾಪಮ್ಮನ ಕಡೆ ಗಾಡಿ ಹೋಗುವ ಲೈನಿನಲ್ಲಿ ಒಂಬತ್ತು ಅಂಗಡಿ. ಒಂಬತ್ತರಿಂದಲೂ ಉಬ್ಬಿದ ಪ್ಯಾಕೆಟ್ ಎತ್ತಿಕೊಳ್ಳುತ್ತಾರೆ, ಆದರೆ ಚೀಟಿ ಅಲ್ಲಲ್ಲೇ ಬರೆಯುವುದಿಲ್ಲ. ಕೊನೆಯದಾಗಿ ಪಾಪಮ್ಮನ ಅಂಗಡಿಯ ಮುಂದೆ ಕೂತು ಎಲ್ಲವನ್ನೂ ಸೇರಿಸಿ ಒಂದೇ ಚೀಟಿ ಬರೆದು, ಅವಳ ಸಹಿ ಹಾಕಿಸಿಕೊಳ್ಳುತ್ತಾರೆ. ಒಟ್ಟು ಸರಿಯಾಗಿರುತ್ತದೆ, ಹೆಸರು ಮಾತ್ರ ಅವಳದು. ಕೋತಿ ಮೊಸರು ತಿಂದು ಮೇಕೆ ಮೂತಿಗೆ ಒರೆಸಿದ ಹಾಗೆ. ನಮಗೆ ಬೇಕಾದದ್ದು ಒಟ್ಟು ಮಾತ್ರ, ಆದ್ದರಿಂದ ಯಾರಿಗೂ ಇದು ತಪ್ಪು ಎನಿಸಲಿಲ್ಲ.

ಈ ಪದ್ಧತಿ 2011ರಲ್ಲಿ ಶುರುವಾಯಿತು. ಶುರು ಮಾಡಿದವನು ನಾನೇ. ಈ ಕಾಗದವನ್ನು ಕಾಂತರಾಜುಗೆ ತೋರಿಸು, ಪಾಪಮ್ಮನ ಅಂಗಡಿ ನಿಲ್ಲಿಸುವುದು ಬೇಡ ಎಂದು ಹೇಳು. ಅವನು ನನ್ನನ್ನು ಏನಂದುಕೊಂಡರೂ ಸರಿ. ನಿವೃತ್ತಿಯಾದವನ ಹೆಸರು ಕೆಟ್ಟರೆ ಯಾರ ಮನೆಯ ಒಲೆಯೂ ಆರುವುದಿಲ್ಲ.

ಇತಿ,
ಚನ್ನವೀರಪ್ಪ


ಕೆಂಗೇರಿ ಉಪನಗರ
28 ಜನವರಿ 2025

ಚೈತ್ರಳಿಗೆ.

ಇಪ್ಪತ್ತಾರು ದಿನವಾಯಿತು. ನಿನ್ನಿಂದ ಉತ್ತರವಿಲ್ಲ. ಜಂಬಣ್ಣನನ್ನು ಕೇಳಿದರೆ ಮೇಡಂ ಅಟ್ಟದ ಮೇಲೆ ಕೂತಿರುತ್ತಾರೆ ಎನ್ನುತ್ತಾನೆ. ತೋರಿಸಿದೆಯಾ? ಕಾಂತರಾಜು ಏನೆಂದ?

ಚನ್ನವೀರಪ್ಪ


ಕುರುಬರಹಳ್ಳಿ
9 ಫೆಬ್ರವರಿ 2025

ಪೂಜ್ಯ ಸಾರ್ ಅವರಿಗೆ ನಮಸ್ಕಾರಗಳು.

ತಡವಾಯಿತು, ಕ್ಷಮಿಸಿ. ನಿಮ್ಮ ಕಾಗದವನ್ನು ಯಾರಿಗೂ ತೋರಿಸಿಲ್ಲ. ಓದಿದ ದಿನ ಅತ್ತೆ. ಮಾರನೆಯ ದಿನ ಇನ್ನೊಂದು ಸಲ ಓದಿದಾಗ ಅನುಮಾನ ಬಂತು.

ಮೊದಲು ನಾನು ಜಂಬಣ್ಣನ ಗಾಡಿಯಲ್ಲಿ ಮೂರು ದಿನ ಹೋದೆ. ನೀವು ಬರೆದದ್ದು ಅಕ್ಷರಶಃ ನಿಜ. ಎಂಟು ಅಂಗಡಿಯಲ್ಲಿ ಪ್ಯಾಕೆಟ್ ಎತ್ತಿ ಕ್ರೇಟಿಗೆ ಹಾಕಿಕೊಂಡರು, ಒಂದು ಗೆರೆಯನ್ನೂ ಬರೆಯಲಿಲ್ಲ. ಪಾಪಮ್ಮನ ಅಂಗಡಿಯ ಮುಂದೆ ಹೊಂಗೆ ಮರದ ಕೆಳಗೆ ಕಲ್ಲುಬೆಂಚಿದೆ. ಅಲ್ಲಿ ಕೂತು, ಪಾಪಮ್ಮ ಕೊಟ್ಟ ಮಜ್ಜಿಗೆ ಕುಡಿದು, ಚೀಟಿ ಬರೆದರು. ಇಲ್ಲೇ ಯಾಕೆ ಬರೀತೀರಿ ಎಂದು ಕೇಳಿದೆ. "ಇಲ್ಲಿ ನೆರಳೈತೆ ಮೇಡಂ. ಬೇರೆ ಕಡೆ ಒಂದೊಂದ್ ಪ್ಯಾಕೆಟ್‌ಗೂ ಜಗಳ ಆಡ್ತಾರೆ. ಈ ಅಮ್ಮ ಆಡಲ್ಲ. ನಮ್ಗೆ ಹಿಂದಿನೋರು ಹಿಂಗೇ ಹೇಳ್ಕೊಟ್ಟಿದ್ದು," ಎಂದರು ಜಂಬಣ್ಣ. ಪಾಪಮ್ಮ ಓದದೆಯೇ ಸಹಿ ಹಾಕಿದರು. ಪಾಪ, ಅವರಿಗೆ ಓದಲು ಬರುವುದಿಲ್ಲ. ಹೆಸರು ಬರೆಯುವುದಷ್ಟೇ ಕಲಿತಿದ್ದಾರೆ.

ಆಮೇಲೆ ಯೋಚಿಸಿದೆ. ನೀವು ಗಾಡಿ ಹತ್ತಿದವರೇ ಅಲ್ಲ. ಗ್ರೈಂಡರ್ ಬಿಟ್ಟು ಗೇಟಿನವರೆಗೂ ಬರುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ಚೀಟಿ ಬರೆಯುವ ಪದ್ಧತಿಯನ್ನು ನೀವು ಹೇಗೆ ಶುರು ಮಾಡುತ್ತೀರಿ?

ಅಟ್ಟ ಹತ್ತಿದೆ. 2011ರ ಕಟ್ಟನ್ನು ಇಲಿ ಮುಟ್ಟಿಲ್ಲ ಸಾರ್. ಎಲ್ಲ ಕಟ್ಟುಗಳಿಗಿಂತ ಗಟ್ಟಿಯಾಗಿ, ಎರಡು ಸುತ್ತು ಪ್ಲಾಸ್ಟಿಕ್ ಹಾಕಿ ಕಟ್ಟಿದ್ದೀರಿ. ಮಾಲವಿಕಾಗೆ ಹೇಳಿ ಅದರ ಫೋಟೋಗಳನ್ನೂ ಪರದೆಗೆ ಏರಿಸಿದೆ. ಆ ವರ್ಷದ ಜೂನ್‌ವರೆಗೆ ಒಂಬತ್ತು ಅಂಗಡಿಗೆ ಒಂಬತ್ತು ಚೀಟಿಗಳಿವೆ. ಜುಲೈ ಎರಡನೆಯ ವಾರದಿಂದ ಒಂದೇ ಚೀಟಿ, ಪಾಪಮ್ಮನ ಹೆಸರಿನಲ್ಲಿ. ಕೆಳಗೆ ಚೀಟಿ ಬರೆದವರ ಸಹಿ ಇದೆ, ಅದು ನನಗೆ ಚೆನ್ನಾಗಿ ಗೊತ್ತು. ನನ್ನ ರಜೆ ಅರ್ಜಿಗಳ ಮೇಲೆ ಬೀಳುವುದು ಅದೇ ಸಹಿ.

ಕಾಂತರಾಜು ಸಾರ್‌ದು.

ತೋರಿಸಿದರೆ ನನ್ನ ಕೆಲಸ ಹೋಗಬಹುದು. ನಿಮ್ಮ ಕಾಗದವನ್ನು ಕೊಟ್ಟರೆ ನೀವು ಮಾಡದ್ದಕ್ಕೆ ನೀವು ತಲೆ ಬಾಗಿಸಬೇಕು. ಸುಮ್ಮನಿದ್ದರೆ ಯುಗಾದಿಗೆ ಪಾಪಮ್ಮನ ಅಂಗಡಿಗೆ ಹಿಟ್ಟು ನಿಲ್ಲುತ್ತದೆ. ಪಾಪಮ್ಮನಿಗೆ ತಿಳಿಸುವ ಕಾಗದವನ್ನು ನಾನಿನ್ನೂ ಬರೆದಿಲ್ಲ. ಬರೆಯುವುದೂ ಇಲ್ಲ. ನಿಮ್ಮ ಮೇಲೆ ಮೊದಲ ಸಲ ಕೋಪ ಬಂದಿದೆ, ಆದರೆ ಇಷ್ಟು ಗೌರವವೂ ಹಿಂದೆಂದೂ ಬಂದಿರಲಿಲ್ಲ. ನಿಜ ಹೇಳಿ.

ಚೈತ್ರ


ಕೆಂಗೇರಿ ಉಪನಗರ
12 ಫೆಬ್ರವರಿ 2025

ಮಗಳೇ ಚೈತ್ರ,

ಕಟ್ಟು ಬಿಚ್ಚಬೇಡ ಎಂದು ನಿನಗೆ ಹೇಳಿದ್ದೇ ನನ್ನ ದಡ್ಡತನ. ಬೇಡ ಎಂದದ್ದನ್ನು ಮೊದಲು ಮಾಡುವವಳು ನೀನು.

ಆ ವರ್ಷ ಕಾಂತರಾಜು ಡಿಗ್ರಿಯಲ್ಲಿ ಎರಡನೆಯ ಸಲ ಫೇಲಾದ. ಅವನ ಅಪ್ಪ ದೊಡ್ಡಣ್ಣನವರಿಗೆ ಮಗನ ಮೇಲೆ ವಿಪರೀತ ಸಿಟ್ಟು. ಹೊಲ ಮಾರಿದ ದುಡ್ಡಿನಲ್ಲಿ ಕಂಪನಿ ಕಟ್ಟಿದವರು ಅವರು, ಕೂತು ತಿನ್ನುವವರನ್ನು ಕಂಡರೆ ಆಗುತ್ತಿರಲಿಲ್ಲ. ಮಾಲೀಕನ ಮಗ ಎಂದು ಯಾರಿಗೂ ಹೇಳಕೂಡದು ಎಂದು ಆಣೆ ಹಾಕಿಸಿ ಅವನನ್ನು ಗಾಡಿಗೆ ಹತ್ತಿಸಿದರು. ಅಂಗಡಿಯವರು ಅವನ ಮೇಲೆ ರೇಗುತ್ತಿದ್ದರು. ಉಬ್ಬಿದ ಪ್ಯಾಕೆಟ್ಟನ್ನು ಒಬ್ಬ ಅವನ ಎದೆಗೇ ಎಸೆದನಂತೆ. ಚೀಟಿ ಪುಸ್ತಕ ತೆಗೆಯಲು ಅವನಿಗೆ ಭಯ. ಜಗಳ ಆಡದವಳು ಪಾಪಮ್ಮ ಒಬ್ಬಳೇ. ಹಾಗಾಗಿ ಎಲ್ಲವನ್ನೂ ಅವಳ ಬೆಂಚಿನ ಮೇಲೆ ಬರೆದ.

ಮೂರನೆಯ ವಾರ ನನಗೆ ಗೊತ್ತಾಯಿತು. ಕರೆದು ಕೇಳಬಹುದಾಗಿತ್ತು. ಆದರೆ ಆ ಹೊತ್ತಿಗೆ ಅವನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರಲು ಶುರು ಮಾಡಿದ್ದ. ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಈ ಚೀಟಿ ಹಿಡಿದು ದೊಡ್ಡಣ್ಣನವರ ಮುಂದೆ ನಿಲ್ಲಿಸಿದ್ದರೆ ಹುಡುಗ ಮುರಿದುಹೋಗುತ್ತಿದ್ದ. ಸುಮ್ಮನಾದೆ. ಎಲ್ಲರ ಮನೆ ದೋಸೆಯೂ ತೂತೇ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ, ಇದರಿಂದ ಗಾಡಿ ಮುಕ್ಕಾಲು ಗಂಟೆ ಬೇಗ ಬರುತ್ತದೆ ಎಂದು ಆ ಲೈನಿಗೆ ಅವನ ನಂತರ ಬಂದ ಡ್ರೈವರಿಗೆ ನಾನೇ ಹೇಳಿಕೊಟ್ಟೆ. ಅವನು ಮಾಡಿದ್ದು ಆರು ತಿಂಗಳು. ಅದನ್ನು ಪದ್ಧತಿ ಮಾಡಿ ಹದಿಮೂರು ವರ್ಷ ನಡೆಸಿದವನು ನಾನು. ಆದ್ದರಿಂದ ಜನವರಿಯ ಕಾಗದದಲ್ಲಿ ನಾನು ಬರೆದದ್ದು ಪೂರ್ತಿ ಸುಳ್ಳೂ ಅಲ್ಲ.

ಅವನಿಗೆ ಇದು ನೆನಪಿಲ್ಲ ಎಂದು ತಿಳಿಯಬೇಡ. ಮನುಷ್ಯ ಕೆಲವನ್ನು ಮರೆಯುವುದಿಲ್ಲ, ನೋಡುವುದಿಲ್ಲ ಅಷ್ಟೆ.

ತೋರಿಸು. ಆದರೆ ನಾಲ್ಕು ಜನರ ಮುಂದೆ ಬೇಡ. ಒಬ್ಬನೇ ಇರುವಾಗ ತೋರಿಸು. ನೀನು ಹೇಳಬೇಡ, ಅವನ ಬೆರಳಿನಿಂದಲೇ ಒತ್ತಿಸು.

ಇತಿ ನಿನ್ನ,
ಚನ್ನವೀರಪ್ಪ


ಕುರುಬರಹಳ್ಳಿ
3 ಮಾರ್ಚ್ 2025

ಪೂಜ್ಯ ಸಾರ್ ಅವರಿಗೆ ನಮಸ್ಕಾರಗಳು.

ನೀವು ಹೇಳಿದಂತೆಯೇ ಮಾಡಿದೆ. ಕಳೆದ ಸೋಮವಾರ ಊಟದ ಹೊತ್ತಿನಲ್ಲಿ ಕಾಂತರಾಜು ಸಾರ್ ಒಬ್ಬರೇ ಇದ್ದರು. ಎರಡು ಸಾಫ್ಟ್‌ವೇರನ್ನೂ ಪಕ್ಕಪಕ್ಕ ತೆರೆದಿಟ್ಟೆ. ಒಂದರಲ್ಲಿ ಪಾಪಮ್ಮನ ಕೆಂಪು ಚುಕ್ಕೆ, ಇನ್ನೊಂದರಲ್ಲಿ ಅದೇ ಅಂಗಡಿಯ ಅಂಕಿ. ಕೆಂಪು ಚುಕ್ಕೆ ಒತ್ತಿ ಸಾರ್ ಎಂದೆ. ಒತ್ತಿದರು. ಚುಕ್ಕೆ ದೊಡ್ಡದಾಯಿತು, ಇನ್ನೇನೂ ಆಗಲಿಲ್ಲ. ಈಗ ಈ ಅಂಕಿ ಒತ್ತಿ ಎಂದೆ. ಚೀಟಿಗಳು ಬಂದವು. ವರ್ಷ ಹಿಂದೆ ಹಿಂದೆ ಹೋದರು. ಹೋಗುವುದನ್ನು ನಾನು ಹೇಳಲಿಲ್ಲ, ಅವರೇ ಹೋದರು. ಜುಲೈ 2011ಕ್ಕೆ ಬಂದಾಗ ಬೆರಳು ನಿಂತಿತು.

ಆಮೇಲೆ, "ಇದು ಯಾರ್ಯಾರಿಗೆ ಗೊತ್ತು?" ಎಂದರು. ಚನ್ನವೀರಪ್ಪ ಸಾರ್‌ಗೆ ಮೊದಲಿಂದ ಗೊತ್ತು ಎಂದೆ. ನಿಮ್ಮ ಜನವರಿಯ ಕಾಗದವನ್ನು ಮೇಜಿನ ಮೇಲಿಟ್ಟೆ. ಶುರು ಮಾಡಿದವನು ನಾನೇ ಎಂಬ ಸಾಲನ್ನು ಓದಿ ಕನ್ನಡಕ ತೆಗೆದರು. "ನಮ್ಮಪ್ಪನಿಗೂ ಹೇಳ್ಲಿಲ್ವಾ ಅವ್ರು?" ಎಂದು ಕೇಳಿದರು.

ಮಾರನೆಯ ದಿನ ಎಲ್ಲ ಡ್ರೈವರ್‌ಗಳನ್ನೂ ಲೋಡಿಂಗ್ ಜಾಗದಲ್ಲಿ ಸೇರಿಸಿದರು. ದೊಡ್ಡ ಪರದೆಯ ಮೇಲೆ ಆ ಚೀಟಿಯನ್ನು ತಾವೇ ಹಾಕಿದರು. "ಇದು ನನ್ನ ಕೈಬರಹ. ಈ ತಪ್ಪು ಶುರು ಮಾಡಿದ್ದು ನಾನು. ಇವತ್ತಿಂದ ಯಾವ ಅಂಗಡಿ ಪ್ಯಾಕೆಟ್ಟೋ ಆ ಅಂಗಡೀಲೇ ಬರೀಬೇಕು. ಲೇಟಾದ್ರೆ ಆಗ್ಲಿ," ಎಂದರು. ಜಂಬಣ್ಣ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಇವರನ್ನು ನಾನು ಇಷ್ಟು ದಿನ ಬರೀ ಆತುರದ ಮನುಷ್ಯ ಎಂದುಕೊಂಡಿದ್ದೆ ಸಾರ್. ನನ್ನ ಅಳತೆ ತಪ್ಪಾಗಿತ್ತು.

ಮಾಲವಿಕಾಳ ಕಂಪನಿಗೇ ಒಪ್ಪಿಗೆ ಕಳಿಸಿದ್ದೇವೆ. ಕಾರಣ ಬರೆಯುವ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ. ಒತ್ತಿದರೆ ನಿಜ ಬರುತ್ತದೆ ಎಂದು ಬರಿ ಎಂದರು. ಅದನ್ನೇ ಬರೆದೆ. ಅಂಗಡಿಗೊಂದು ಚೀಟಿಯ ಹೊಸ ಲೆಕ್ಕ ಬಂದಾಗ ನಿಜವಾದ ಕೆಂಪು ಯಾವುದೆಂದೂ ಗೊತ್ತಾಯಿತು. ಮಧ್ಯಾಹ್ನದ ಬಿಸಿಲಿಗೆ ಪ್ಯಾಕೆಟ್ಟನ್ನು ಹೊರಗಿಡುವ ಎರಡು ಅಂಗಡಿಗಳು, ಎರಡೂ ವಿಜಯನಗರದಲ್ಲಿ. ಮಧ್ಯಾಹ್ನದೊಳಗೆ ವಿಜಯನಗರ ದಾಟಬೇಕು ಎಂದು ನಿಮ್ಮ ಬೆರಳು ಹೇಳುತ್ತಿದ್ದದ್ದನ್ನು ಈಗ ಪರದೆಯೂ ಹೇಳುತ್ತಿದೆ. ನಿಮ್ಮಷ್ಟು ಬೇಗ ಹೇಳುವುದಿಲ್ಲ.

ಕಾಂತರಾಜು ಸಾರ್ ಭಾನುವಾರ ಕೆಂಗೇರಿಗೆ ಬರುತ್ತಾರಂತೆ. ಗಟ್ಟಿಯಾಗಿ ಮಾತಾಡಿ ಎಂದು ಹೇಳಿದ್ದೇನೆ.

ಶುಕ್ರವಾರದ ವಿಷಯ ಒಂದು ಬಾಕಿ ಇದೆ. ಅವತ್ತು ಅವರು ಜಂಬಣ್ಣನ ಗಾಡಿ ಹತ್ತಿದರು, ನನ್ನನ್ನೂ ಹತ್ತಿಸಿಕೊಂಡರು. ಎಂಟು ಅಂಗಡಿಯಲ್ಲೂ ತಾವೇ ಇಳಿದು ಚೀಟಿ ಬರೆದರು. ಇಬ್ಬರು ಜಗಳ ಆಡಿದರು. ನಿಂತು ಕೇಳಿಸಿಕೊಂಡು, ಬರೆದು, ಸಹಿ ಹಾಕಿಸಿಕೊಂಡರು. ಕೊನೆಗೆ ಪಾಪಮ್ಮನ ಅಂಗಡಿಗೆ ಬಂದೆವು. ಅವತ್ತು ಅಲ್ಲಿ ಒಂದು ಪ್ಯಾಕೆಟ್ಟೂ ವಾಪಸು ಇರಲಿಲ್ಲ.

ಸಾರ್ ಬೆಂಚಿನ ಮೇಲೆ ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಬೇರೆಯವರ ಅಂಗಡಿಯ ಪ್ಯಾಕೆಟ್ಟುಗಳನ್ನು ನಿಮ್ಮ ಹೆಸರಿಗೆ ಬರೆದೆ, ಅದನ್ನು ನೋಡಿ ನಿಮ್ಮ ಅಂಗಡಿಯನ್ನೇ ನಿಲ್ಲಿಸಲು ಹೊರಟಿದ್ದೆ ಎಂದರು. ಪಾಪಮ್ಮ ಲೋಟಕ್ಕೆ ಮಜ್ಜಿಗೆ ಬಗ್ಗಿಸುತ್ತಾ ಕೇಳಿಸಿಕೊಂಡರು. ನೀವು ಒಂದು ಸಲವಾದರೂ ಏನು ಬರೀತಿದ್ದೀಯ ಎಂದು ಯಾಕೆ ಕೇಳಲಿಲ್ಲ ಎಂದು ಸಾರ್ ಕೇಳಿದರು.

ಪಾಪಮ್ಮ ಲೋಟ ಅವರ ಕೈಗೆ ಕೊಟ್ಟರು.

"ಕೇಳೋಣ ಅಂತಿದ್ದೆ ಕಣಪ್ಪ. ನೀನು ಬಗ್ಗಿ ಬರೀವಾಗ ಕಣ್ಣಲ್ಲಿ ನೀರು ಬರ್ತಿತ್ತು. ಬರ್ಕೊಂಡು ಸಮಾಧಾನ ಆಗ್ಲಿ ಅಂತ ಸುಮ್ನಿದ್ದೆ."

ನಿಮ್ಮ,
ಚೈತ್ರ